ಕಾಲಾಳಿನ ಕ್ಷಿಪಣಿ: ಹೊರೆ ಎಷ್ಟು, ಹೊತ್ತು ಎಷ್ಟು?

ಸೈನಿಕನು ಹೊರತಕ್ಕ ಆಯುಧದ ತೂಕವನ್ನು ಕುರಿತು ಉತ್ಸಾಹದಿಂದ ವಾದಿಸುವವರು ಸಾಮಾನ್ಯವಾಗಿ ಅದನ್ನು ಹೊರುವವರಲ್ಲ. ಶತ್ರುವಿನ ಟ್ಯಾಂಕುಗಳನ್ನು ಒಡೆಯಲೆಂದು ಪದಾತಿಗಳ ಕೈಗೆ ಕೊಡುವ ನಿರ್ದೇಶಿತ ಕ್ಷಿಪಣಿಗಳ ವಿಷಯದಲ್ಲಂತೂ ಈ ಮಾತು ಪೂರ್ತಿಯಾಗಿ ಸಲ್ಲುತ್ತದೆ. ಇಂಥ ಕ್ಷಿಪಣಿಗಳನ್ನು ಹೋಲಿಸಿ ತಯಾರಿಸಿದ ಕೋಷ್ಟಕಗಳನ್ನು ನಮ್ಮ ವಿದ್ಯಾರ್ಥಿಗಳು ಆಸಕ್ತಿಯಿಂದ ಓದುತ್ತಾರೆ. ಒಂದು ಅಂಕಣದಲ್ಲಿ ಕ್ಷಿಪಣಿ ಎಷ್ಟು ದೂರ ಹಾರುವುದೆಂಬ ಅಂಕಿ. ಇನ್ನೊಂದರಲ್ಲಿ ಅದು ಎಷ್ಟು ಮಿಲಿಮೀಟರ್ ಉಕ್ಕನ್ನು ಕೊರೆಯುವುದೆಂಬ ಅಂಕಿ. ಮೂರನೆಯದರಲ್ಲಿ ಕ್ಷಿಪಣಿಯ ತೂಕ. ದೊಡ್ಡ ಅಂಕಿಯುಳ್ಳದ್ದು ಮೇಲು, ಸಣ್ಣ ಅಂಕಿಯುಳ್ಳದ್ದು ಕೀಳು ಎಂದು ತೀರ್ಮಾನಿಸಿ ಪುಟ ಮಗುಚುವುದು ಸುಲಭ. ಆದರೆ ಇರಲೇಬೇಕಾದ ಎರಡು ಅಂಕಣಗಳು ಆ ಕೋಷ್ಟಕಗಳಲ್ಲಿ ಇರುವುದೇ ಇಲ್ಲವೆಂಬುದು ನನ್ನ ಆಕ್ಷೇಪಣೆ. ಒಂದು ಹೊಡೆತವನ್ನು ಹೊಡೆಯಲು ಇಡೀ ತಂಡವು ಹೊತ್ತು ತರಬೇಕಾದ ಒಟ್ಟು ಭಾರ ಮೊದಲನೆಯದು. ಕ್ಷಿಪಣಿಯನ್ನು ಹಾರಿಸಿದ ಮೇಲೂ ಗುರಿಕಾರನು ಅದೇ ಸ್ಥಳದಲ್ಲಿ ತಲೆಯೆತ್ತಿಕೊಂಡು ಕುಳಿತಿರಬೇಕಾದ ಕಾಲ ಎರಡನೆಯದು. ಇವೆರಡನ್ನೂ ಬಿಟ್ಟು ಯಾವುದಾದರೂ ಕ್ಷಿಪಣಿಯನ್ನು ‘ಒಯ್ಯಲು ಹಗುರ’ ಎಂದು ಹೊಗಳುವುದು, ಬಂಡಿಯನ್ನು ತೂಗಿ ಎತ್ತನ್ನು ಮರೆತಂತೆ.

ಮೊದಲು, ಒಬ್ಬ ಮನುಷ್ಯನು ಹೊರಬಲ್ಲ ಆಯುಧವು ನಲವತ್ತು ಐವತ್ತು ಟನ್ನುಗಳ ಉಕ್ಕಿನ ಕೋಟೆಯನ್ನು ಭೇದಿಸುವುದಾದರೂ ಹೇಗೆ ಎಂಬುದನ್ನು ನೋಡೋಣ. ಫಿರಂಗಿಯ ಗುಂಡು ತನ್ನ ವೇಗದ ಬಲದಿಂದ ಕವಚವನ್ನು ತೂರುತ್ತದೆ. ಆ ವೇಗವನ್ನು ಪಡೆಯಲು ಉದ್ದವಾದ ನಳಿಗೆ, ಅದಕ್ಕೆ ದಪ್ಪನೆಯ ಗೋಡೆ, ಹಿಂದೊದೆತವನ್ನು ತಾಳಿಕೊಳ್ಳುವ ಭಾರವಾದ ಪೀಠ ಇವೆಲ್ಲವೂ ಬೇಕು. ಕ್ಷಿಪಣಿಯ ಸಿಡಿತಲೆಯ ರೀತಿ ಬೇರೆ. ಅಲ್ಲಿ ಸ್ಫೋಟಕದ ಮುಂಭಾಗದಲ್ಲಿ ಶಂಕುವಿನ ಆಕಾರದ ಪೊಳ್ಳೊಂದನ್ನು ಬಿಟ್ಟು, ಅದಕ್ಕೆ ತಾಮ್ರದ ತೆಳುವಾದ ಒಳಪದರವನ್ನು ಹೊದಿಸಿರುತ್ತಾರೆ. ಸ್ಫೋಟವಾದೊಡನೆ ತಾಮ್ರವು ಒಳಮುಖವಾಗಿ ಕುಸಿದು, ಸಲಾಕೆಯಂಥ ಸಣ್ಣ ಧಾರೆಯಾಗಿ, ಸೆಕೆಂಡಿಗೆ ಎಂಟು ಹತ್ತು ಕಿಲೋಮೀಟರಿನ ವೇಗದಲ್ಲಿ ಮುಂದಕ್ಕೆ ಚಿಮ್ಮುತ್ತದೆ. ಕೊರೆಯುವ ವೇಗವೆಲ್ಲ ಸ್ಫೋಟಕದಿಂದಲೇ ಬರುವುದರಿಂದ ಕ್ಷಿಪಣಿ ಎಷ್ಟು ನಿಧಾನವಾಗಿ ಬಂದು ತಾಕಿದರೂ ಅದರ ಭೇದನಶಕ್ತಿಗೆ ಕುಂದಿಲ್ಲ. ಕಾಲಾಳಿನ ಕೈಗೆ ಕ್ಷಿಪಣಿ ಬಂದುದು ಈ ಒಂದು ಗುಣದಿಂದಲೇ.

ಆದರೆ ಈ ವರದ ಬೆನ್ನಿಗೆ ಒಂದು ಶಾಪವೂ ಅಂಟಿಕೊಂಡಿದೆ. ಧಾರೆ ಎಷ್ಟು ಆಳಕ್ಕೆ ಕೊರೆಯುವುದೆಂಬುದು ಶಂಕುವಿನ ವ್ಯಾಸವನ್ನು ಅವಲಂಬಿಸಿದೆ. ಆಳವು ವ್ಯಾಸದ ಪ್ರಮಾಣದಲ್ಲಿ ಬೆಳೆದರೆ, ತೂಕವು ವ್ಯಾಸದ ಘನದ ಪ್ರಮಾಣದಲ್ಲಿ ಬೆಳೆಯುತ್ತದೆ. ಸೋವಿಯತ್ ಒಕ್ಕೂಟವು 1970ರ ದಶಕದ ಕೊನೆಯಲ್ಲಿ ‘ಮೆಟಿಸ್’ ಎಂಬ ಪುಟ್ಟ ಕ್ಷಿಪಣಿಯನ್ನು ತನ್ನ ಪದಾತಿಗಳಿಗೆ ಕೊಟ್ಟಿತು. ಅದರ ವ್ಯಾಸ 94 ಮಿಲಿಮೀಟರ್. ಕೊಳವೆಯೊಡನೆ ತೂಕ 6.3 ಕಿಲೋಗ್ರಾಂ. ಟ್ಯಾಂಕುಗಳ ಕವಚ ದಪ್ಪವಾಗುತ್ತ, ಸ್ಫೋಟಕದ ಇಟ್ಟಿಗೆಗಳನ್ನು ಹೊರಮೈಗೆ ಅಂಟಿಸಿಕೊಳ್ಳುವ ಪದ್ಧತಿ ಬಂದಾಗ ಈ ಸಿಡಿತಲೆ ಸಾಲದಾಯಿತು. ಅದರ ಸುಧಾರಿತ ರೂಪವಾದ ‘ಮೆಟಿಸ್-ಎಂ’ಗೆ 130 ಮಿಲಿಮೀಟರ್ ವ್ಯಾಸ ಕೊಟ್ಟರು, ತೂಕ 13.8 ಕಿಲೋಗ್ರಾಂ ಆಯಿತು. ವ್ಯಾಸ ಹೆಚ್ಚಿದುದು ಶೇಕಡ 38ರಷ್ಟು. ತೂಕವಾದರೋ ಎರಡು ಪಟ್ಟನ್ನೂ ದಾಟಿತು. ಘನದ ಲೆಕ್ಕವನ್ನು ಕಟ್ಟುನಿಟ್ಟಾಗಿ ಮಾಡಿದರೆ ಎರಡೂವರೆ ಪಟ್ಟಿಗಿಂತ ಹೆಚ್ಚಾಗಬೇಕಾಗಿತ್ತು; ಅಷ್ಟಕ್ಕೆ ಹೋಗದಂತೆ ತಡೆದುದು ಎಂಜಿನಿಯರುಗಳ ಜಾಣ್ಮೆ. ಟ್ಯಾಂಕಿನವನು ಕವಚಕ್ಕೆ ಒಂದು ಅಂಗುಲ ಸೇರಿಸಿದರೆ ಅದರ ಭಾರ ಹೊರುವುದು ಟ್ಯಾಂಕಿನ ಎಂಜಿನ್ನು. ಅದಕ್ಕೆ ಪ್ರತಿಯಾಗಿ ಕ್ಷಿಪಣಿ ದಪ್ಪವಾದರೆ ಆ ಭಾರ ಹೊರುವುದು ಮನುಷ್ಯನ ಬೆನ್ನು. ಈ ಪೈಪೋಟಿ ಮೊದಲಿನಿಂದಲೂ ಸಮಾನರ ನಡುವಿನದಲ್ಲ.

ಕ್ಷಿಪಣಿ ಬರುವುದಕ್ಕೆ ಮುಂಚೆ ಪದಾತಿಗೆ ಇದ್ದ ಮಾರ್ಗಗಳೆಂದರೆ ಮುಖ್ಯವಾಗಿ ಎರಡು. ಹೆಗಲ ಮೇಲಿಟ್ಟು ಹಾರಿಸುವ ರಾಕೆಟ್ಟು ಹಗುರವೇನೋ ಸರಿ. ಆದರೆ ಟ್ಯಾಂಕು ನೂರಿನ್ನೂರು ಮೀಟರಿನೊಳಗೆ ಬರುವ ತನಕ ಎದೆಗುಂದದೆ ಕಾದಿರಬೇಕು. ಇನ್ನೊಂದು, ಹಿಂದೊದೆತವಿಲ್ಲದ ತೋಪು. 1965ರ ಸೆಪ್ಟೆಂಬರಿನಲ್ಲಿ ಪಂಜಾಬಿನ ಅಸಲ್ ಉತ್ತರದಲ್ಲಿ ಅಬ್ದುಲ್ ಹಮೀದರು ಜೀಪಿನ ಮೇಲೆ ಕೂಡಿಸಿದ 106 ಮಿಲಿಮೀಟರ್ ತೋಪಿನಿಂದ ಪಾಕಿಸ್ತಾನದ ಪ್ಯಾಟನ್ ಟ್ಯಾಂಕುಗಳನ್ನು ಒಡೆದು, ರಣರಂಗದಲ್ಲೇ ಪ್ರಾಣ ಕೊಟ್ಟು, ಮರಣೋತ್ತರವಾಗಿ ಪರಮವೀರ ಚಕ್ರವನ್ನು ಪಡೆದುದನ್ನು ವಾಚಕರು ಬಲ್ಲರು. ಆ ತೋಪಿನ ತೂಕ 200 ಕಿಲೋಗ್ರಾಮಿಗೂ ಮಿಗಿಲು. ಜೀಪಿಲ್ಲದೆ ಅದು ಕದಲದು. ಹಾರಿಸಿದೊಡನೆ ಹಿಂದಕ್ಕೆ ಚಿಮ್ಮುವ ಬೆಂಕಿಯೂ ಧೂಳೂ ಅದು ಇರುವ ಸ್ಥಳವನ್ನು ಸಾರಿಬಿಡುತ್ತವೆ. ಆದರೂ ಅದರಲ್ಲಿ ಒಂದು ಅನುಕೂಲವಿತ್ತು. ಗುಂಡು ನಳಿಗೆಯನ್ನು ಬಿಟ್ಟ ಕ್ಷಣದಲ್ಲೇ ಗುರಿಕಾರನ ಕೆಲಸ ಮುಗಿಯುತ್ತಿತ್ತು. ಜೀಪನ್ನು ಓಡಿಸಿಕೊಂಡು ಬೇರೆಡೆಗೆ ಹೋಗಬಹುದಾಗಿತ್ತು. ಕ್ಷಿಪಣಿ ಬಂದಾಗ ಇನ್ನೂರು ಕಿಲೋಗ್ರಾಮಿನ ಹೊರೆ ಇಳಿಯಿತು, ಜೊತೆಗೆ ಈ ಅನುಕೂಲವೂ ಹೋಯಿತು. ಅದು ಹೋದುದನ್ನು ಬಹಳ ಜನ ಗಮನಿಸಿದಂತೆ ಕಾಣುವುದಿಲ್ಲ.

ಎರಡನೆಯ ಮಹಾಯುದ್ಧದ ಕೊನೆಗಾಲದಲ್ಲಿ ಜರ್ಮನರು ತಂತಿಯಿಂದ ನಿರ್ದೇಶಿಸುವ ಎಕ್ಸ್-7 ಎಂಬ ಸಣ್ಣ ಕ್ಷಿಪಣಿಯನ್ನು ರೂಪಿಸಿದ್ದರು. ಅದನ್ನು ದೊಡ್ಡ ಪ್ರಮಾಣದಲ್ಲಿ ಬಳಸುವುದಕ್ಕೆ ಮೊದಲೇ ಯುದ್ಧ ಮುಗಿಯಿತು. 1950ರ ದಶಕದಲ್ಲಿ ಫ್ರೆಂಚರು ಅದೇ ಜಾಡಿನಲ್ಲಿ ಎಸ್.ಎಸ್.-10, ಎಸ್.ಎಸ್.-11 ಎಂಬುವನ್ನು ನಿರ್ಮಿಸಿದರು. ಆದರೆ ಕಾಲಾಳಿನ ಕ್ಷಿಪಣಿ ಎಂದರೇನೆಂಬುದನ್ನು ಪ್ರಪಂಚಕ್ಕೆ ತೋರಿಸಿಕೊಟ್ಟುದು 1963ರಲ್ಲಿ ಸೋವಿಯತ್ ಸೈನ್ಯವನ್ನು ಸೇರಿದ ‘ಮಾಲ್ಯುತ್ಕಾ’. ರಷ್ಯನ್ ಭಾಷೆಯಲ್ಲಿ ಈ ಮಾತಿಗೆ ‘ಪುಟ್ಟ ಕೂಸು’ ಎಂದರ್ಥ. ಪಾಶ್ಚಾತ್ಯರು ಇದನ್ನು ‘ಸ್ಯಾಗರ್’ ಎಂದು ಕರೆದರು.

ಕೂಸಿನ ತೂಕ ಸುಮಾರು 11 ಕಿಲೋಗ್ರಾಂ. ಹೋಗುವ ದೂರ 3,000 ಮೀಟರ್. ಕೋಷ್ಟಕವನ್ನು ಮಾತ್ರ ನೋಡುವವನಿಗೆ ಇದಕ್ಕಿಂತ ಹೆಚ್ಚಿನದು ಬೇಕಿಲ್ಲ. ಪ್ರಯಾಣಿಕರು ಒಯ್ಯುವಂಥ ಪೆಟ್ಟಿಗೆಯೊಂದರಲ್ಲಿ ಕ್ಷಿಪಣಿಯನ್ನೂ ಅದರ ಸಿಡಿತಲೆಯನ್ನೂ ಬೇರ್ಪಡಿಸಿ ಇಟ್ಟಿರುತ್ತಿದ್ದರು. ಪೆಟ್ಟಿಗೆಯ ಮುಚ್ಚಳವೇ ಉಡಾವಣೆಯ ಪೀಠ. ಮೂವರು ಸೈನಿಕರ ತಂಡದಲ್ಲಿ ಇಬ್ಬರು ಒಂದೊಂದು ಪೆಟ್ಟಿಗೆಯನ್ನು ಹೊರುತ್ತಿದ್ದರು. ಪೆಟ್ಟಿಗೆಯೊಂದಕ್ಕೆ 18 ಕಿಲೋಗ್ರಾಮಿನಷ್ಟು ಭಾರ. ಮೂರನೆಯವನು ದೂರದರ್ಶಕವೂ ಚಾಲನದಂಡವೂ ಇರುವ ನಿಯಂತ್ರಣ ಪೆಟ್ಟಿಗೆಯನ್ನು ಒಯ್ಯುತ್ತಿದ್ದನು. ಆ ಚಾಲನದಂಡದ ಹಿಂದೆ ಕುಳಿತವನ ಪಾಡನ್ನು ಸ್ವಲ್ಪ ಊಹಿಸಿಕೊಳ್ಳಿ. ಕ್ಷಿಪಣಿಯ ವೇಗ ಸೆಕೆಂಡಿಗೆ ಸುಮಾರು 115 ಮೀಟರ್. ಮೂರು ಕಿಲೋಮೀಟರ್ ಕ್ರಮಿಸಲು 26 ಸೆಕೆಂಡು. ಅಷ್ಟು ಹೊತ್ತೂ ಅವನು ಒಂದೇ ದೃಷ್ಟಿಯಲ್ಲಿ ಎರಡು ವಸ್ತುಗಳನ್ನು ಹಿಡಿದಿರಬೇಕು: ಓಡುತ್ತಿರುವ ಟ್ಯಾಂಕು, ಹಾರುತ್ತಿರುವ ಕ್ಷಿಪಣಿಯ ಬಾಲದ ಬೆಳಕು. ಬೆಳಕು ಎಡಕ್ಕೆ ಸರಿದರೆ ದಂಡವನ್ನು ಬಲಕ್ಕೆ, ಕೆಳಕ್ಕೆ ಇಳಿದರೆ ಮೇಲಕ್ಕೆ ಒತ್ತಬೇಕು. ಆ ಆಜ್ಞೆ ಕ್ಷಿಪಣಿಯ ಹಿಂದೆ ಬಿಚ್ಚಿಕೊಳ್ಳುವ ಕೂದಲೆಳೆಯಂಥ ತಂತಿಯ ಮೂಲಕ ಹೋಗುತ್ತದೆ. ಹಾರಿಸಿದ ಕ್ಷಿಪಣಿಯನ್ನು ಹಿಡಿತಕ್ಕೆ ತಂದುಕೊಳ್ಳುವಷ್ಟರಲ್ಲಿ ಅದು 500 ಮೀಟರ್ ಹೋಗಿಬಿಟ್ಟಿರುತ್ತದೆಯಾದ್ದರಿಂದ ಅದಕ್ಕಿಂತ ಹತ್ತಿರದ ಟ್ಯಾಂಕಿಗೆ ಈ ಆಯುಧ ಕೆಲಸಕ್ಕೆ ಬಾರದು. ಒಬ್ಬ ಗುರಿಕಾರನು ಪಳಗಬೇಕಾದರೆ ಕೃತಕ ಯಂತ್ರದ ಮುಂದೆ ಎರಡು ಸಾವಿರಕ್ಕೂ ಹೆಚ್ಚು ಸಲ ಅಭ್ಯಾಸ ಮಾಡಬೇಕಾಗಿತ್ತು. ಅಭ್ಯಾಸ ಬಿಟ್ಟರೆ ಕೈ ಮರೆಯುತ್ತಿತ್ತು. ಕ್ಷಿಪಣಿಯಿಂದ ಇಳಿಸಿದ ತೂಕವನ್ನೆಲ್ಲ ವಿನ್ಯಾಸಕಾರರು ಈ ಒಬ್ಬ ಮನುಷ್ಯನ ನರಗಳ ಮೇಲೆ ಹೇರಿದ್ದರು.

1973ರ ಅಕ್ಟೋಬರ್ 6ರಂದು ಈಜಿಪ್ಟಿನ ಪದಾತಿಗಳು ಸೂಯೆಜ್ ಕಾಲುವೆಯನ್ನು ದಾಟಿದಾಗ ಈ ಪೆಟ್ಟಿಗೆಗಳು ಅವರ ಬೆನ್ನ ಮೇಲಿದ್ದವು. ಅವರ ಸ್ವಂತ ಟ್ಯಾಂಕುಗಳು ಸೇತುವೆ ದಾಟಿ ಬರುವ ತನಕ ಇಸ್ರೇಲಿನ ಟ್ಯಾಂಕುಗಳನ್ನು ಈ ಕಾಲಾಳುಗಳೇ ತಡೆಯಬೇಕಾಗಿತ್ತು, ತಡೆದರು ಕೂಡ. ‘ಟ್ಯಾಂಕಿನ ಯುಗ ಮುಗಿಯಿತು’ ಎಂದು ಅಂದು ಬರೆದವರು ಅನೇಕರು. ಆ ವಿಜಯದ ಹಿಂದೆ ಇದ್ದ ಏರ್ಪಾಡನ್ನು ಮಾತ್ರ ಅವರು ಅಷ್ಟಾಗಿ ಗಮನಿಸಲಿಲ್ಲ. ಐನೂರು ಮೀಟರಿನ ಒಳಗಿನ ಟ್ಯಾಂಕುಗಳಿಗಾಗಿ ಆರ್.ಪಿ.ಜಿ.-7 ರಾಕೆಟ್ಟು ಹಿಡಿದವರು ಕ್ಷಿಪಣಿಯವರ ಜೊತೆಜೊತೆಯಲ್ಲೇ ಇದ್ದರು. ಬೆನ್ನ ಮೇಲೆ ಹೊರಲಾರದ ಮದ್ದುಗುಂಡನ್ನು ಎಳೆದೊಯ್ಯಲು ಕೈಗಾಡಿಗಳಿದ್ದವು. ಅಂದರೆ, ‘ಒಬ್ಬನು ಹೊರುವ ಕ್ಷಿಪಣಿ’ಯನ್ನು ಗೆಲ್ಲಿಸಿದುದು ಒಬ್ಬನಲ್ಲ, ತೂಕವನ್ನು ಹಂಚಿಕೊಂಡ ಒಂದು ದಂಡು.

ಇಸ್ರೇಲಿಗಳು ಇದಕ್ಕೆ ಪ್ರತ್ಯುಪಾಯವನ್ನು ಕಂಡುಕೊಳ್ಳಲು ಬಹಳ ದಿನ ಹಿಡಿಯಲಿಲ್ಲ. ಆ 26 ಸೆಕೆಂಡೇ ಅವರ ಕೀಲಿಕೈಯಾಯಿತು. ದೂರದಲ್ಲಿ ಉಡಾವಣೆಯ ಹೊಗೆ ಕಂಡ ಕೂಡಲೆ ಎಚ್ಚರಿಕೆ ಕೂಗುವುದು, ಟ್ಯಾಂಕನ್ನು ಅಡ್ಡಾದಿಡ್ಡಿ ಓಡಿಸುವುದು, ಹೊಗೆ ಎದ್ದ ಕಡೆಗೆ ಎಲ್ಲರೂ ಒಟ್ಟಾಗಿ ಗುಂಡು ಹಾರಿಸುವುದು. ಗುರಿಕಾರನು ಸಾಯಬೇಕೆಂದಿಲ್ಲ, ಬೆದರಿ ಒಂದು ಕ್ಷಣ ತಲೆ ತಗ್ಗಿಸಿದರೂ ಸಾಕು, ಕ್ಷಿಪಣಿ ನೆಲಕ್ಕೆ ಬೀಳುತ್ತದೆ. ಮಾಲ್ಯುತ್ಕಾವನ್ನು ನಿರ್ಮಿಸಿದವರು ಇದನ್ನು ಮುಂಚಿತವಾಗಿಯೇ ಊಹಿಸಿದ್ದರೆಂಬುದಕ್ಕೆ ಒಂದು ಗುರುತಿದೆ: ಗುರಿಕಾರನು ಉಡಾವಣೆಯ ಪೀಠದಿಂದ 15 ಮೀಟರಿನಷ್ಟು ದೂರ ಸರಿದು ಕುಳಿತುಕೊಳ್ಳಬಹುದಾಗಿತ್ತು. ಹೊಗೆ ಒಂದು ಕಡೆ, ಮನುಷ್ಯ ಇನ್ನೊಂದು ಕಡೆ. ಸಾದಾ ಉಪಾಯ, ಆದರೆ ಮುಂದೆ ಬಂದ ಹೆಚ್ಚು ‘ಸುಧಾರಿತ’ ಕ್ಷಿಪಣಿಗಳು ಇದನ್ನು ಕೈಬಿಟ್ಟುದು ನನಗೆ ಇಂದಿಗೂ ಸೋಜಿಗ.

ಆ ಸುಧಾರಣೆ ಯಾವುದೆಂದರೆ ಅರೆ-ಸ್ವಯಂಚಾಲನೆ. ಗುರಿಕಾರನು ಟ್ಯಾಂಕನ್ನು ಮಾತ್ರ ದುರ್ಬೀನಿನ ಗೆರೆಗಳ ಸಂಧಿಯಲ್ಲಿ ಹಿಡಿದಿದ್ದರೆ ಸಾಕು. ಕ್ಷಿಪಣಿಯ ಬಾಲದ ದೀಪವನ್ನು ಯಂತ್ರವೇ ನೋಡಿ, ಅದು ದೃಷ್ಟಿರೇಖೆಯಿಂದ ಎಷ್ಟು ಸರಿದಿದೆಯೆಂದು ಎಣಿಸಿ, ತಿದ್ದುಪಡಿಯನ್ನು ತಂತಿಯ ಮೂಲಕ ಕಳುಹಿಸುತ್ತದೆ. ನರಗಳ ಹೊರೆ ಇಳಿಯಿತು. ಆದರೆ ಆ ಯಂತ್ರಕ್ಕೂ ತೂಕವುಂಟಷ್ಟೆ! ಫ್ರೆಂಚರೂ ಜರ್ಮನರೂ ಸೇರಿ ನಿರ್ಮಿಸಿದ ‘ಮಿಲಾನ್’ ಕ್ಷಿಪಣಿ ಕೊಳವೆಯೊಡನೆ ಸುಮಾರು 12 ಕಿಲೋಗ್ರಾಂ. ಅದರ ಉಡಾವಣಾ ಪೀಠ ಇನ್ನೊಂದು 16 ಕಿಲೋಗ್ರಾಂ. ಫ್ರೆಂಚ್ ಭಾಷೆಯಲ್ಲಿ ಮಿಲಾನ್ ಎಂದರೆ ಹದ್ದು. ಹದ್ದಿಗಿಂತ ಅದು ಕೂತ ಕೊಂಬೆಯೇ ಭಾರ. 1970ರಲ್ಲಿ ಬಂದ ಅಮೆರಿಕದ ‘ಟೋ’ ಕ್ಷಿಪಣಿಯ ಮುಕ್ಕಾಲಿ, ದುರ್ಬೀನು, ಬ್ಯಾಟರಿಗಳನ್ನು ಕೂಡಿಸಿದರೆ 80, 90 ಕಿಲೋಗ್ರಾಂ ಆಗುತ್ತದೆ. ಅದನ್ನು ಕಾಲಾಳಿನ ಆಯುಧವೆಂದು ಕರೆಯುವುದು ಸೌಜನ್ಯದ ಮಾತು. ನಿಜವಾಗಿ ಅದು ಜೀಪಿನ ಆಯುಧ, ಹೆಲಿಕಾಪ್ಟರಿನ ಆಯುಧ.

ಹೊತ್ತಿನ ಲೆಕ್ಕವೂ ಇದೆ. ಮಿಲಾನ್ 2,000 ಮೀಟರ್ ಹೋಗಲು 12, 13 ಸೆಕೆಂಡು ಬೇಕು. ಇಷ್ಟರಲ್ಲಿ ಏನೇನು ನಡೆಯಬಹುದೆಂದು ವಿದ್ಯಾರ್ಥಿಗಳು ತಾವೇ ಗಣಿಸಿ ನೋಡಬಹುದು. ಉಡಾವಣೆಯ ಬೆಳಕು ಟ್ಯಾಂಕಿನವನ ಕಣ್ಣಿಗೆ ಆ ಕ್ಷಣವೇ ಮುಟ್ಟುತ್ತದೆ. ಶಬ್ದವು ಸೆಕೆಂಡಿಗೆ 340 ಮೀಟರಿನಂತೆ ಆರು ಸೆಕೆಂಡಿನಲ್ಲಿ ಕಿವಿಗೆ ಮುಟ್ಟುತ್ತದೆ. ಕ್ಷಿಪಣಿ ಆಗ ಇನ್ನೂ ಅರ್ಧ ದಾರಿಯಲ್ಲಿರುತ್ತದೆ. ಟ್ಯಾಂಕಿನ ಕವಚಭೇದಕ ಗುಂಡಾದರೋ ಸೆಕೆಂಡಿಗೆ ಸುಮಾರು 1,500 ಮೀಟರಿನ ವೇಗದಲ್ಲಿ ಹೊರಟು, ಒಂದೂವರೆ ಸೆಕೆಂಡಿನೊಳಗೆ ಅದೇ ದೂರವನ್ನು ಮುಟ್ಟುತ್ತದೆ. ಎಚ್ಚರವಾಗಿರುವ ಟ್ಯಾಂಕಿನವನು ಬೆಳಕು ಕಂಡ ಮೇಲೆ ಗೋಪುರವನ್ನು ತಿರುಗಿಸಿ, ಗುರಿಯಿಟ್ಟು, ಹೊಡೆಯಲು ಆರೇಳು ಸೆಕೆಂಡು ತೆಗೆದುಕೊಂಡರೂ, ತನ್ನನ್ನು ಕೊಲ್ಲಲು ಬರುತ್ತಿರುವ ಕ್ಷಿಪಣಿಗಿಂತ ಮುಂಚೆ ಅದರ ಒಡೆಯನನ್ನು ಮುಟ್ಟಬಲ್ಲನು. ‘ಎರಡು ಕಿಲೋಮೀಟರ್ ದೂರದಿಂದ ಹೊಡೆಯಬಹುದು’ ಎಂಬುದು ಕೋಷ್ಟಕದಲ್ಲಿ ಗುಣವಾಗಿ ಕಾಣುತ್ತದೆ. ದೂರ ಹೆಚ್ಚಿದಷ್ಟೂ ಗುರಿಕಾರನು ಮೈಯೊಡ್ಡಿ ಕೂರಬೇಕಾದ ಕಾಲವೂ ಹೆಚ್ಚುತ್ತದೆಯೆಂಬುದು ಅಲ್ಲಿ ಕಾಣುವುದಿಲ್ಲ.

ಹೊರೆಯನ್ನು ಬಲವಂತವಾಗಿ ಇಳಿಸಿದರೆ ಏನಾಗುವುದೆಂಬುದಕ್ಕೆ ಅಮೆರಿಕದ ‘ಡ್ರಾಗನ್’ ಒಳ್ಳೆಯ ಉದಾಹರಣೆ. ಪೀಠವನ್ನು ತೆಗೆದು, ಕೊಳವೆಯ ಮುಂದಿನ ತುದಿಗೆ ಎರಡು ಕಾಲು ಕೊಟ್ಟು, ಹಿಂದಿನ ತುದಿಯನ್ನು ಕುಳಿತ ಸೈನಿಕನ ಹೆಗಲ ಮೇಲೆ ಇಟ್ಟರು. ಎಲ್ಲ ಸೇರಿ ಹದಿನೈದು ಕಿಲೋಗ್ರಾಮಿನಷ್ಟು, ಹೊರಲು ಅನುಕೂಲ. ಆದರೆ ಕ್ಷಿಪಣಿ ಹೊರಟ ಕ್ಷಣದಲ್ಲಿ ಹೆಗಲ ಮೇಲಿನ ಭಾರ ಥಟ್ಟನೆ ಇಲ್ಲವಾಗುತ್ತದೆ. ಹೆಗಲು ತಾನಾಗಿ ಮೇಲಕ್ಕೇಳುತ್ತದೆ. ದುರ್ಬೀನಿನ ಗುರಿ ತಪ್ಪುತ್ತದೆ. ಅಷ್ಟಾಗಿ ಹೋಗುವ ದೂರ 1,000 ಮೀಟರ್, ಅದಕ್ಕೂ 11 ಸೆಕೆಂಡು. ಸೈನಿಕರು ಈ ಆಯುಧವನ್ನು ಮೆಚ್ಚಲಿಲ್ಲ. ಪೀಠದ ತೂಕ ವ್ಯರ್ಥವಲ್ಲವೆಂಬುದು ಅದು ಇಲ್ಲದಾಗಲೇ ತಿಳಿದುಬಂದುದು.

ಇದಕ್ಕೆ ವಿರುದ್ಧವಾದ ಪಾಠ ಆಫ್ರಿಕದ ಚಾಡ್ ದೇಶದಿಂದ ಬಂತು. 1987ರಲ್ಲಿ ಅಲ್ಲಿನ ಸೈನಿಕರು ಮಿಲಾನಿನ ಪೀಠವನ್ನು ಟೊಯೊಟಾ ಪಿಕಪ್ ಗಾಡಿಗಳ ಮೇಲೆ ಕಟ್ಟಿಕೊಂಡು, ಮರುಭೂಮಿಯಲ್ಲಿ ಶರವೇಗದಿಂದ ಸುತ್ತುವರಿದು, ಲಿಬಿಯದ ಟ್ಯಾಂಕು ಪಡೆಗಳನ್ನು ಫಾದಾ ಮೊದಲಾದ ಕಡೆ ಸೋಲಿಸಿದರು. ಹೊರುವ ಕೆಲಸವನ್ನು ಗಾಡಿಗೆ ಬಿಟ್ಟರು. ಹದಿಮೂರು ಸೆಕೆಂಡಿನ ಅಪಾಯವನ್ನು ವೇಗದಿಂದಲೂ ಅನಿರೀಕ್ಷಿತತೆಯಿಂದಲೂ ತುಂಬಿಕೊಂಡರು. ಕ್ಷಿಪಣಿ ಅದೇ; ಬಳಸಿದ ಬಗೆ ಬೇರೆ.

ಈಗ ಹೆಸರುವಾಸಿಯಾಗಿರುವ ‘ಜಾವೆಲಿನ್’ 1996ರಲ್ಲಿ ಅಮೆರಿಕದ ಸೈನ್ಯಕ್ಕೆ ಬಂದುದು ಡ್ರಾಗನ್ನಿನ ಸ್ಥಾನಕ್ಕೆ. ಇದು ಹೊತ್ತಿನ ಸಮಸ್ಯೆಯನ್ನು ಬೇರುಸಹಿತ ಕಿತ್ತಿತು. ಕ್ಷಿಪಣಿಯ ಮೂತಿಯಲ್ಲೇ ಅವಕೆಂಪು ಕಿರಣಗಳನ್ನು ಕಾಣುವ ಕಣ್ಣಿದೆ. ಹಾರಿಸುವ ಮುನ್ನ ಟ್ಯಾಂಕಿನ ಶಾಖಚಿತ್ರವನ್ನು ಅದಕ್ಕೆ ತೋರಿಸಿ ಕೊಟ್ಟರೆ ಮುಂದಿನದನ್ನು ಅದು ತಾನೇ ನೋಡಿಕೊಳ್ಳುತ್ತದೆ. ನೂರೈವತ್ತು ಮೀಟರಿನಷ್ಟು ಎತ್ತರಕ್ಕೆ ಏರಿ, ಕವಚ ತೆಳುವಾಗಿರುವ ನೆತ್ತಿಯ ಮೇಲೆ ಎರಗುತ್ತದೆ. ಗುರಿಕಾರನು ಗುಂಡಿಯನ್ನು ಒತ್ತಿದೊಡನೆ ಓಡಬಹುದು. ಹಾಗಾದರೆ ಹೊರೆ ಎಲ್ಲಿ ಹೋಯಿತು? ಸ್ವಲ್ಪ ಹೆಗಲ ಮೇಲೇ ಉಳಿಯಿತು: ಕ್ಷಿಪಣಿಯೂ ಕೊಳವೆಯೂ ಸೇರಿ 16 ಕಿಲೋಗ್ರಾಂ, ಗುರಿನೋಟದ ಪೆಟ್ಟಿಗೆ ಆರೂವರೆ, ಒಟ್ಟು 22ರ ಮೇಲೆ. ಉಳಿದುದೆಲ್ಲ ಬೊಕ್ಕಸದ ಮೇಲೆ ಬಿತ್ತು. ಒಂದು ಕ್ಷಿಪಣಿಗೆ ಒಂದೂವರೆ ಲಕ್ಷ ಡಾಲರಿಗೂ ಹೆಚ್ಚು. ಬೆಲೆ ಹೆಚ್ಚಾದಾಗ ಪ್ರತಿ ತಂಡಕ್ಕೆ ಸಿಗುವ ಕ್ಷಿಪಣಿಗಳು ಕಡಿಮೆಯಾಗುತ್ತವೆ. ನಿಜವಾದ ಕ್ಷಿಪಣಿಯನ್ನು ಒಮ್ಮೆಯಾದರೂ ಹಾರಿಸಿ ಕಲಿತ ಸೈನಿಕರು ಇನ್ನೂ ಕಡಿಮೆಯಾಗುತ್ತಾರೆ.

ಶಾಖವನ್ನು ನೋಡುವ ಕಣ್ಣಿಗೆ ಇನ್ನೊಂದು ತೊಡಕು, ಭೌತಶಾಸ್ತ್ರದ ಮೂಲದಿಂದಲೇ ಬರುವಂಥದು. ಅದು ಟ್ಯಾಂಕನ್ನು ಕಾಣುವುದು ಟ್ಯಾಂಕು ಬಿಸಿಯಾಗಿರುವುದರಿಂದಲ್ಲ. ಸುತ್ತಲಿನದಕ್ಕಿಂತ ಬೇರೆ ಉಷ್ಣತೆಯಲ್ಲಿರುವುದರಿಂದ. ನಡುಹಗಲಿನಲ್ಲಿ ಕಾದ ಮರಳೂ ಕಾದ ಉಕ್ಕೂ ಒಂದೇ ಉಷ್ಣತೆಗೆ ಬಂದರೆ ಟ್ಯಾಂಕು ಹಿನ್ನೆಲೆಯಲ್ಲಿ ಕರಗಿಹೋಗುತ್ತದೆ. ನಮ್ಮ ದೇಶದ ‘ನಾಗ್’ ಕ್ಷಿಪಣಿಯನ್ನು ರಾಜಸ್ಥಾನದ ಬೇಸಗೆಯಲ್ಲಿ ಪರೀಕ್ಷಿಸಿದಾಗ ಎದುರಾದ ಕಷ್ಟ ಇದೇ. ಅದಕ್ಕಾಗಿ ಹೆಚ್ಚು ಸೂಕ್ಷ್ಮವಾದ ಶೋಧಕಗಳನ್ನು ರೂಪಿಸಬೇಕಾಯಿತು. 1990ರಲ್ಲಿ ಮೊದಲು ಹಾರಿದ ಈ ಕ್ಷಿಪಣಿಯ ಅಂತಿಮ ಬಳಕೆದಾರ ಪರೀಕ್ಷೆ ನಡೆದುದು 2020ರ ಅಕ್ಟೋಬರಿನಲ್ಲಿ, ಪೋಖ್ರಾನಿನಲ್ಲಿ. ನಾಗ್ ಸುಮಾರು 43 ಕಿಲೋಗ್ರಾಂ ತೂಗುತ್ತದೆ. ಅದು ವಾಹನದ ಮೇಲಿನ ಕ್ಷಿಪಣಿ, ಕಾಲಾಳಿಗೆ ಸೇರಿದ್ದಲ್ಲ.

2022ರ ಫೆಬ್ರವರಿಯಲ್ಲಿ ರಷ್ಯದ ಸೈನ್ಯ ಉಕ್ರೇನಿನೊಳಕ್ಕೆ ನುಗ್ಗಿದಾಗ ಈ ಬಗೆಗಳೆಲ್ಲವೂ ಒಂದೇ ರಣರಂಗದಲ್ಲಿ ಪರೀಕ್ಷೆಗೆ ಒಳಗಾದವು. ಜಾವೆಲಿನ್ನಿಗೆ ಬಂದ ಕೀರ್ತಿಯನ್ನು ಎಲ್ಲರೂ ಕೇಳಿದ್ದಾರೆ. ನನ್ನ ಗಮನವನ್ನು ಸೆಳೆದುವು ಇನ್ನೆರಡು. ಒಂದು, ಬ್ರಿಟನ್ನು ಆ ಜನವರಿಯಲ್ಲೇ ಸುಮಾರು ಎರಡು ಸಾವಿರದಷ್ಟು ಕಳುಹಿಸಿಕೊಟ್ಟ ‘ಎನ್‌ಲಾ’. ತೂಕ ಹನ್ನೆರಡೂವರೆ ಕಿಲೋಗ್ರಾಂ. ಒಮ್ಮೆ ಹಾರಿಸಿ ಕೊಳವೆಯನ್ನು ಬಿಸಾಡುವುದು. ಬೇರೆ ಪೆಟ್ಟಿಗೆಯಿಲ್ಲ, ಪೀಠವಿಲ್ಲ. ಗುರಿಕಾರನು ಓಡುವ ಟ್ಯಾಂಕನ್ನು ಎರಡು ಮೂರು ಸೆಕೆಂಡು ಗುರಿಯಲ್ಲಿ ಹಿಂಬಾಲಿಸುತ್ತಾನೆ. ಅಷ್ಟರಿಂದಲೇ ಟ್ಯಾಂಕು ಯಾವ ಕೋನವೇಗದಲ್ಲಿ ಸರಿಯುತ್ತಿದೆಯೆಂದು ಯಂತ್ರ ಅಳೆದು, ಅದು ಮುಂದೆ ಎಲ್ಲಿರುವುದೋ ಅಲ್ಲಿಗೆ ಕ್ಷಿಪಣಿಯನ್ನು ಕಳುಹಿಸುತ್ತದೆ. ಶಾಖವನ್ನು ನೋಡುವ ಕಣ್ಣಿಲ್ಲ, ತಂತಿಯಿಲ್ಲ. ನಡುವೆ ಟ್ಯಾಂಕು ದಿಕ್ಕು ಬದಲಾಯಿಸಿದರೆ ತಪ್ಪುವುದೂ ಉಂಟು. ದೂರವನ್ನು 800 ಮೀಟರಿಗೆ ಮಿತಿಗೊಳಿಸಿಕೊಂಡುದರಿಂದ ಈ ಸರಳತೆ ಸಾಧ್ಯವಾಯಿತು. ಕೋಷ್ಟಕದಲ್ಲಿ 800 ಎಂಬ ಅಂಕಿ ಬಡವಾಗಿ ಕಾಣುತ್ತದೆ. ಹಳ್ಳಿ, ತೋಪು, ಬೀದಿಗಳ ನಡುವೆ ಅದಕ್ಕಿಂತ ಹೆಚ್ಚು ದೂರ ಕಣ್ಣಿಗೆ ಕಾಣುವುದೇ ಅಪರೂಪ.

ಇನ್ನೊಂದು ಉಕ್ರೇನಿನದೇ ಆದ ‘ಸ್ತುಗ್ನಾ-ಪಿ’. ಇದರ ಒಂದು ಕ್ಷಿಪಣಿಯೇ ಸುಮಾರು 30 ಕಿಲೋಗ್ರಾಂ; ಮುಕ್ಕಾಲಿಯೂ ಅಷ್ಟೇ; ಅದರ ಮೇಲೆ ನೋಟದ ಯಂತ್ರ, ನಿಯಂತ್ರಣ ಪೆಟ್ಟಿಗೆ. ಮೂರು ನಾಲ್ಕು ಜನ ಹೊರಬೇಕು. ಲೇಸರ್ ಕಿರಣದ ಜಾಡು ಹಿಡಿದು ಹೋಗುವ ಈ ಕ್ಷಿಪಣಿಯನ್ನು ಗುರಿ ಮುಟ್ಟುವ ತನಕ ನಡೆಸಲೇಬೇಕು. ಜಾವೆಲಿನ್ನಿನ ಪಕ್ಕದಲ್ಲಿ ಹಳೆಯ ಕಾಲದ ವಸ್ತು ಎನ್ನಿಸುತ್ತದೆ. ಆದರೆ ಗುರಿಕಾರನು ಮುಕ್ಕಾಲಿಯಿಂದ 50 ಮೀಟರ್ ದೂರದಲ್ಲಿ, ಹಳ್ಳದಲ್ಲೋ ಗೋಡೆಯ ಮರೆಯಲ್ಲೋ, ಪರದೆಯನ್ನು ನೋಡುತ್ತ ಕುಳಿತಿರುತ್ತಾನೆ. ಶತ್ರುವಿನ ಗುಂಡು ಬೀಳುವುದು ಮುಕ್ಕಾಲಿಯ ಮೇಲೆ. ಮಾಲ್ಯುತ್ಕಾದ 15 ಮೀಟರಿನ ಮರೆತುಹೋದ ಉಪಾಯ ಇಲ್ಲಿ ಮರಳಿ ಬಂತು. ತೂಕವನ್ನು ಕೊಟ್ಟು ಹೊತ್ತಿನ ಅಪಾಯವನ್ನು ಕಳೆದುಕೊಂಡ ಇಂಥ ವ್ಯಾಪಾರ ನನಗೆ ಬಹಳ ಬುದ್ಧಿವಂತಿಕೆಯದಾಗಿ ತೋರುತ್ತದೆ.

ಆ ಯುದ್ಧದಲ್ಲಿ 2023ರಿಂದೀಚೆಗೆ ಟ್ಯಾಂಕುಗಳನ್ನು ಹೆಚ್ಚಾಗಿ ಕೊಲ್ಲುತ್ತಿರುವುದು ಸಣ್ಣ ಡ್ರೋನುಗಳು. ಮೂತಿಯಲ್ಲಿ ಕ್ಯಾಮರಾ, ಹೊಟ್ಟೆಯಲ್ಲಿ ಹಳೆಯ ಆರ್.ಪಿ.ಜಿ. ಸಿಡಿತಲೆ, ನಡೆಸುವವನು ಕಿಲೋಮೀಟರುಗಳಾಚೆ ನೆಲಮಾಳಿಗೆಯಲ್ಲಿ. ಬೆಲೆ ಕೆಲವು ನೂರು ಡಾಲರು. ಇದನ್ನು ಕಂಡು ‘ಕ್ಷಿಪಣಿಯ ಯುಗ ಮುಗಿಯಿತು’ ಎನ್ನುವವರು, 1973ರಲ್ಲಿ ಟ್ಯಾಂಕಿನ ಯುಗ ಮುಗಿಯಿತೆಂದವರ ಮೊಮ್ಮಕ್ಕಳು. ನನಗೆ ಇಲ್ಲಿ ಕಾಣುವುದು ಮಾಲ್ಯುತ್ಕಾದ ಪುನರ್ಜನ್ಮ. ಚಾಲನದಂಡ ಮತ್ತೆ ಮನುಷ್ಯನ ಕೈಗೆ ಬಂದಿದೆ. ನುರಿತ ಕೈಗಳನ್ನು ತಿಂಗಳುಗಟ್ಟಲೆ ಪಳಗಿಸಬೇಕಾಗಿದೆ. ರೇಡಿಯೋ ಅಲೆಗಳನ್ನು ಶತ್ರು ಕೆಡಿಸತೊಡಗಿದ ಮೇಲೆ, 2024ರಿಂದ ಗಾಜಿನ ಸಣ್ಣ ಎಳೆಯನ್ನು ಹಿಂದೆ ಬಿಚ್ಚಿಕೊಂಡು ಹಾರುವ ಡ್ರೋನುಗಳೂ ಬಂದಿವೆ, ತಂತಿಯೂ ಮರಳಿತು! ಆ ಎಳೆಯ ಸುರುಳಿ, ಬ್ಯಾಟರಿಗಳು, ಆಂಟೆನಾ, ಪರದೆ, ಎಲ್ಲವನ್ನೂ ಮುಂಚೂಣಿಯ ತನಕ ಯಾರೋ ಹೊರಲೇಬೇಕು. ಮಳೆ, ಗಾಳಿ, ಮಂಜು ಬಂದರೆ ಕೈಕಟ್ಟಿ ಕೂರಬೇಕು. ಎದುರಿಗೇ ಬಂದು ನಿಂತ ಟ್ಯಾಂಕಿಗೆ ಹತ್ತು ಸೆಕೆಂಡಿನಲ್ಲಿ ಉತ್ತರ ಕೊಡಬೇಕಾದವನಿಗೆ ಡ್ರೋನು ನೆರವಾಗದು. ಅವನ ಬೆನ್ನ ಮೇಲಿನ ಕೊಳವೆಯೇ ಗತಿ.

ನಮ್ಮ ದೇಶದ ಮಾತಿಗೆ ಬರೋಣ. 1970ರಲ್ಲಿ ಹೈದರಾಬಾದಿನಲ್ಲಿ ಸ್ಥಾಪನೆಯಾದ ಭಾರತ್ ಡೈನಮಿಕ್ಸ್ ಸಂಸ್ಥೆ ಮೊದಲು ಫ್ರೆಂಚರ ಎಸ್.ಎಸ್.-11ರ ಒಂದು ರೂಪವನ್ನೂ, ಆಮೇಲೆ ಮಿಲಾನನ್ನೂ, ರಷ್ಯದ ಕೊಂಕುರ್ಸನ್ನೂ ಪರವಾನಗಿಯ ಮೇಲೆ ತಯಾರಿಸಿತು. ನಮ್ಮ ಪದಾತಿಗಳು ಬಹುಕಾಲದಿಂದ ನೆಚ್ಚಿರುವುದು ಇವುಗಳನ್ನೇ. ಕೊಂಕುರ್ಸ್ 4,000 ಮೀಟರ್ ಹೋಗುತ್ತದೆ. ಆದರೆ ಕೊಳವೆಯೊಡನೆ ಕ್ಷಿಪಣಿ 25, ಮುಕ್ಕಾಲಿ 22 ಕಿಲೋಗ್ರಾಮಿಗೂ ಹೆಚ್ಚು. ರಕ್ಷಣಾ ಸಂಶೋಧನಾ ಸಂಸ್ಥೆಯವರು ಸುಮಾರು 15 ಕಿಲೋಗ್ರಾಂ ತೂಗುವ, ಹಾರಿಸಿ ಮರೆಯಬಹುದಾದ ಕ್ಷಿಪಣಿಯೊಂದನ್ನು ನಿರ್ಮಿಸಿ 2018ರಿಂದ ಪರೀಕ್ಷಿಸುತ್ತ ಬಂದಿದ್ದಾರೆ. ಸಂತೋಷಪಡತಕ್ಕ ವಿಷಯ. ಆದರೆ ಎಲ್ಲ ಪದಾತಿಗೂ ಎಲ್ಲ ನೆಲಕ್ಕೂ ಒಂದೇ ಕ್ಷಿಪಣಿ ಸಾಕೆಂಬ ವಾದ ಆಗಾಗ ಕೇಳಿಬರುತ್ತದೆ. ಅದನ್ನು ನಾನು ಒಪ್ಪಲಾರೆ.

ಒಂದೇ ಬಗೆಯಿದ್ದರೆ ಸರಬರಾಜು ಸುಲಭ, ತರಬೇತಿ ಸುಲಭ ಎಂಬುದು ನಿಜ. ಆದರೆ ನಮ್ಮ ಗಡಿಯ ನೆಲ ಒಂದೇ ಬಗೆಯದಲ್ಲ. ಅಸಲ್ ಉತ್ತರದಲ್ಲಿ ನಮ್ಮವರ ಟ್ಯಾಂಕುಗಳೂ ತೋಪುಗಳೂ ಹೊಂಚಿ ಕುಳಿತುದು ಕಬ್ಬಿನ ಗದ್ದೆಗಳಲ್ಲಿ. ಕಾಲುವೆ, ಏರಿ, ಬೆಳೆಗಳ ಆ ನೆಲದಲ್ಲಿ ನಾಲ್ಕು ಕಿಲೋಮೀಟರಿನ ಕ್ಷಿಪಣಿಯಿಂದ ಹೆಚ್ಚಿನ ಪ್ರಯೋಜನವಿಲ್ಲ. ಎನ್‌ಲಾದಂಥ ಸಣ್ಣದೂ ಅಗ್ಗವೂ ಆದದ್ದು ಪ್ರತಿಯೊಂದು ಸಣ್ಣ ತುಕಡಿಯಲ್ಲೂ ಎರಡು ಮೂರಿದ್ದರೆ ಮೇಲು. ಥಾರ್ ಮರುಭೂಮಿಯಲ್ಲಿ ನೋಟ ದೂರ ಹರಿಯುತ್ತದೆ, ಗಾಡಿಯೂ ಓಡುತ್ತದೆ. ಅಲ್ಲಿ ಭಾರವಾದುದನ್ನು ಚಾಡಿನವರಂತೆ ಗಾಡಿಯ ಮೇಲೆ ಕಟ್ಟಬಹುದು. ಲಡಾಖಿನ ಸಂಗತಿಯೇ ಬೇರೆ. 2020ರಲ್ಲಿ ಪೂರ್ವ ಲಡಾಖಿನ ಎತ್ತರದಲ್ಲಿ ಎರಡೂ ದೇಶಗಳ ಟ್ಯಾಂಕುಗಳು ಎದುರುಬದುರಾಗಿ ನಿಂತುದನ್ನು ನಾವು ಕಂಡಿದ್ದೇವೆ. ನಾಲ್ಕೂವರೆ ಸಾವಿರ ಮೀಟರಿನ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದಲ್ಲಿರುವುದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೆ. ಬಯಲಿನಲ್ಲಿ 22 ಕಿಲೋಗ್ರಾಂ ಹೊತ್ತು ನಡೆದವನು ಅಲ್ಲಿ ಅದೇ ಹೊರೆಯೊಡನೆ ನೂರು ಹೆಜ್ಜೆಗೊಮ್ಮೆ ನಿಲ್ಲುತ್ತಾನೆ. ಏದುಸಿರು ಬಿಡುವವನ ಕೈಯಲ್ಲಿ ದುರ್ಬೀನಿನ ಗೆರೆ ಸ್ಥಿರವಾಗಿ ನಿಲ್ಲುವುದಿಲ್ಲ. ಹನ್ನೆರಡು ಸೆಕೆಂಡು ಗುರಿ ಹಿಡಿದಿಡಬೇಕಾದ ಕ್ಷಿಪಣಿ ಅಲ್ಲಿ ಎರಡು ಪಟ್ಟು ಕಠಿನ. ಹಾರಿಸಿ ಮರೆಯುವ ಕ್ಷಿಪಣಿಯ ಹೆಚ್ಚಿನ ಬೆಲೆಯನ್ನು ಕೊಡುವುದಾದರೆ ಮೊದಲು ಕೊಡಬೇಕಾದುದು ಆ ಪಡೆಗಳಿಗೆ.

ನಮ್ಮ ಕ್ಷಿಪಣಿಗಳ ಪರೀಕ್ಷೆಯ ಸುದ್ದಿ ಪತ್ರಿಕೆಗಳಲ್ಲಿ ಬಂದಾಗ ‘ಗುರಿಯನ್ನು ನಿಖರವಾಗಿ ಭೇದಿಸಿತು’ ಎಂಬ ಒಂದು ವಾಕ್ಯ ತಪ್ಪದೆ ಇರುತ್ತದೆ. ಅದರ ಜೊತೆಗೆ ಇನ್ನು ಮೂರನ್ನು ಅಳೆದು ಬರೆಯುವಂತಾಗಬೇಕೆಂದು ನನ್ನ ಸೂಚನೆ. ಪೂರ್ತಿ ಹೊರೆಯನ್ನು ಹೊತ್ತು ಹತ್ತು ಕಿಲೋಮೀಟರ್ ನಡೆದು ಬಂದ ತಂಡವೇ ಹಾರಿಸಿತೆ? ಬೆನ್ನಿನಿಂದ ಇಳಿಸಿದ ಮೇಲೆ ಹಾರಿಸುವಷ್ಟರಲ್ಲಿ ಎಷ್ಟು ಸೆಕೆಂಡು ಕಳೆಯಿತು? ಹಾರಿಸಿದ ಮೇಲೆ ಆ ಸೈನಿಕರು ಮರೆ ಸೇರಲು ಎಷ್ಟು ಸೆಕೆಂಡು ಹಿಡಿಯಿತು? ಇವನ್ನು ಅಳೆಯಲು ಬೇಕಾಗುವುದು ಒಂದು ತಕ್ಕಡಿ, ಒಂದು ಗಡಿಯಾರ. ಮೊದಲ ಪರೀಕ್ಷೆಯನ್ನು ಪೋಖ್ರಾನಿನ ಮರಳಿನಲ್ಲಿ ಮೇ ತಿಂಗಳ ನಡುಹಗಲಿಗೂ, ಎರಡನೆಯದನ್ನು ಲಡಾಖಿನಲ್ಲಿ ಜನವರಿಯ ಬೆಳಗಿಗೂ ಇಟ್ಟುಕೊಳ್ಳಬಹುದು.